ತಾರೀಖಿಲ್ಲದ ಚೀಟಿ

ನಲವತ್ತೊಂದು ವರ್ಷದ ದರ್ಜಿ ಕೆಲಸದಲ್ಲಿ ಮಾಸ್ಟರು ಒಂದೇ ಒಂದು ತಾರೀಖನ್ನೂ ತಪ್ಪಿಸಿದವರಲ್ಲ. ಬಟ್ಟೆ ತಂದವರಿಗೆ ಚೀಟಿ ಹರಿದು ಕೊಡುವಾಗ ತಾರೀಖಿನ ಕೆಳಗೆ ಎರಡು ಗೆರೆ ಎಳೆಯುತ್ತಿದ್ದರು. ಗೆರೆ ಎಳೆದರೆಂದರೆ ಮುಗಿಯಿತು. ಜ್ವರ ಬರಲಿ, ಕರೆಂಟು ಹೋಗಲಿ, ಮನೆಗೆ ನೆಂಟರು ಬಂದು ಕೂರಲಿ, ಆ ದಿನ ಸಂಜೆ ಐದಕ್ಕೆ ಬಟ್ಟೆ ಇಸ್ತ್ರಿಯಾಗಿ ಮೊಳೆಗೆ ತೂಗುತ್ತಿರಬೇಕು. ಸುತ್ತಮುತ್ತಲಿನ ಬೀದಿಗಳ ದರ್ಜಿಗಳೆಲ್ಲ "ನಾಳೆ ಬನ್ನಿ" ಎನ್ನುವುದರಲ್ಲೇ ಹೊಟ್ಟೆ ಹೊರೆಯುವವರು. ಆ ಎರಡು ಮಾತು ಕೇಳಿದರೆ ಮಾಸ್ಟರಿಗೆ ಮೈಯೆಲ್ಲ ಉರಿಯುತ್ತಿತ್ತು.

ಮದುವೆಯಾಗಿ ಬಂದ ಸೊಸೆಗೆ ಅವರು ಕಲಿಸಿದ ಮೊದಲ ಪಾಠ ಕತ್ತರಿಯದಲ್ಲ, ಹೊಲಿಗೆಯದಲ್ಲ, ಚೀಟಿಯದು. "ನೋಡಮ್ಮ, ನಿನ್ನ ಕೈಲಿ ಆಗದ ತಾರೀಖು ಬರೀಬೇಡ. ಬರೆದ ಮೇಲೆ ಸತ್ತಾದ್ರೂ ಕೊಡು."

ಆ ಸೊಸೆಯೇ ಒಂದು ದಿನ ಸುಳ್ಳು ತಾರೀಖು ಬರೆದಳು. ಅದೂ ಮಾವನ ಹೆಸರಿಗೆ.

ಅಂಗಡಿ ಎಂದರೆ ಮನೆಯ ಮುಂಗೋಣೆಯೇ. ಬೀದಿಗೆ ತೆರೆದ ಅಗಲ ಬಾಗಿಲು, ಬಟ್ಟೆ ಕತ್ತರಿಸುವ ಉದ್ದ ಮೇಜು, ಎರಡು ಹೊಲಿಗೆ ಯಂತ್ರ, ಒಂದು ನಿಲುಗನ್ನಡಿ, ಮೂಲೆಯಲ್ಲಿ ಪರದೆ ಎಳೆದು ಮಾಡಿದ ಟ್ರಯಲ್ ಜಾಗ. ಹಿಂದೆ ಅಡುಗೆಮನೆ, ಎರಡು ಕೋಣೆ. ಮನೆಯಲ್ಲಿ ಐದು ಜನ: ಮಾಸ್ಟರು, ಅತ್ತೆ, ಸೊಸೆ, ಸಿಟಿ ಬಸ್ಸು ಓಡಿಸುವ ಅವಳ ಗಂಡ, ಒಂಬತ್ತು ವರ್ಷದ ಮಗಳು. ಕೂಸಾಗಿದ್ದಾಗ ಕೆಳಗೆ ಬಿಟ್ಟರೆ ಸಾಕು ಮೇಜಿನಡಿಯಿಂದ ಬಾಗಿಲವರೆಗೆ ಉರುಳಿಕೊಂಡು ಹೋಗುತ್ತಿದ್ದ ಆ ಹುಡುಗಿಗೆ ತಾತ ಹೊಲಿಗೆ ಯಂತ್ರದ ದಾರದ ಸುರುಳಿಯ ಹೆಸರು ತೆಗೆದು ಬಾಬಿನ್ ಎಂದು ಹೆಸರಿಟ್ಟಿದ್ದರು. ಶಾಲೆಯಲ್ಲಿ ಬೇರೆ ಹೆಸರಿದೆ, ಅದನ್ನು ಶಾಲೆಯವರೇ ಕರೆಯಬೇಕು.

ಒಂದು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಪ್ಯಾಂಟಿನ ಬಟ್ಟೆ ಕತ್ತರಿಸುತ್ತಿದ್ದಾಗ ದೊಡ್ಡ ಕತ್ತರಿ ಮಾಸ್ಟರ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಸೊಸೆ ಎತ್ತಿಕೊಟ್ಟಳು. ಮತ್ತೆ ಬಿತ್ತು. "ಏನ್ ದರಿದ್ರ ಕತ್ತರಿನೇ ಇದು" ಎಂದು ಬಯ್ದರು. ಬಯ್ಯುವಾಗ ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು.

ಹನ್ನೆರಡು ದಿನ ಆಸ್ಪತ್ರೆ. ಮನೆಗೆ ಬರುವ ಹೊತ್ತಿಗೆ ಬಾಯಿ ನೆಟ್ಟಗಾಗಿತ್ತು, ಕಾಲು ಸ್ವಲ್ಪ ಎಳೆಯುತ್ತಿತ್ತು. ಬಲಗೈ ಮಾತ್ರ, ಯಾರಿಗೂ ಕೊಡದೆ ಏನನ್ನೋ ಬಚ್ಚಿಟ್ಟುಕೊಂಡ ಮಕ್ಕಳ ಮುಷ್ಟಿಯ ಹಾಗೆ, ಮುಚ್ಚಿಕೊಂಡು ಹೊಟ್ಟೆಗೆ ಅಂಟಿಕೊಂಡಿತ್ತು.

ಆಸ್ಪತ್ರೆಯಿಂದ ವ್ಯಾಯಾಮದ ಮೇಡಂ ಮಂಗಳವಾರ, ಶುಕ್ರವಾರ ಮನೆಗೇ ಬರತೊಡಗಿದಳು. ಇಪ್ಪತ್ತೇಳೋ ಇಪ್ಪತ್ತೆಂಟೋ ಇರಬೇಕು. ಹಳೆಯ ಸ್ಕೂಟರು, ಹೆಗಲಿಗೆ ಬ್ಯಾಗು, ಗಟ್ಟಿ ಕೈ. ಮೊದಲ ದಿನವೇ ಅಂಗಡಿಯಲ್ಲಿ ಗುಂಡಿಗಳ ಡಬ್ಬಿ ನೋಡಿ ಅವಳ ಕಣ್ಣು ಅರಳಿತು.

"ಇದಕ್ಕಿಂತ ಒಳ್ಳೇದು ಬೇಕೇ? ನೋಡಿ ಸಾರ್, ಈ ಬಟ್ಟಲಿಂದ ಆ ಬಟ್ಟಲಿಗೆ ಒಂದೊಂದೇ ಗುಂಡಿ. ಬಲಗೈಯಲ್ಲೇ. ಹೊತ್ತಿಗೆ ನೂರು, ದಿನಕ್ಕೆ ಮೂರು ಹೊತ್ತು. ಆಮೇಲೆ ಅಂಗೈ ಮೇಜಿನ ಮೇಲೆ ಚಪ್ಪಟೆ ಇಟ್ಟು ಬೆರಳು ಬಿಡಿಸೋದು. ನೋಯುತ್ತೆ. ಬಿಡಬಾರದು."

"ಯಾವ ತಾರೀಖಿಗೆ ಸರಿ ಹೋಗುತ್ತೆ?" ಎಂದು ಮಾಸ್ಟರು ಕೇಳಿದರು.

"ತಾರೀಖು ಹೇಳೋಕಾಗಲ್ಲ ಸಾರ್. ಮೊದಲ ಆರು ತಿಂಗಳು ಬಹಳ ಮುಖ್ಯ. ಪೂರ್ತಿ ಬರಬಹುದು, ಅರ್ಧ ಬರಬಹುದು..."

"ಬರದೇನೂ ಇರಬಹುದು."

"ಇರಬಹುದು. ಮಾಡದೇ ಇದ್ರೆ ಮಾತ್ರ ಖಂಡಿತ ಬರಲ್ಲ."

ಮಾಸ್ಟರು ಸೊಸೆಯ ಕಡೆ ತಿರುಗಿ ನಕ್ಕರು. "ಕೇಳಿಸ್ಕೊಂಡ್ಯಾ? ಬಟ್ಟೆ ತಗೋತಾರಂತೆ, ಚೀಟಿ ಕೊಡಲ್ವಂತೆ. ಅಂಗಿ ಆಗುತ್ತೋ ಚಡ್ಡಿ ಆಗುತ್ತೋ ಅದೂ ಗೊತ್ತಿಲ್ವಂತೆ."

ಮೇಡಮ್ಮಿಗೂ ಬಾಯಿತ್ತು. "ಹೊಲಿಯೋಳು ನಾನಲ್ಲ ಸಾರ್, ನೀವು. ನಾನು ಪಕ್ಕದಲ್ಲಿ ನಿಂತು ನೋಡೋಳು ಅಷ್ಟೆ."

ಮೊದಲ ಎರಡು ವಾರ ಮಾಸ್ಟರು ಮಾಡಿದರು. ಗುಂಡಿ ಹಿಡಿಯುವುದಿರಲಿ, ಬೆರಳು ಗುಂಡಿಯ ಮೇಲೆ ಇಳಿಯುವಷ್ಟರಲ್ಲಿ ಹಣೆಯ ಮೇಲೆ ಬೆವರು ಸಾಲುಗಟ್ಟುತ್ತಿತ್ತು. ಹೊತ್ತಿಗೆ ಹತ್ತು ಗುಂಡಿ ದಾಟಿದರೆ ಹೆಚ್ಚು. ಹದಿನೈದನೇ ದಿನ ಕೈಯನ್ನು ಕನ್ನಡಿಯ ಮುಂದೆ ಹಿಡಿದು ಬಹಳ ಹೊತ್ತು ನೋಡಿದರು. ಮೊದಲ ದಿನ ಹೇಗಿತ್ತೋ ಹಾಗೇ ಇತ್ತು. ಮಾರನೆಯ ದಿನ ಮಧ್ಯಾಹ್ನದ ಹೊತ್ತು ಬಿಟ್ಟರು. ಏನೂ ಆಗಲಿಲ್ಲ. ಅದರ ಮಾರನೆಯ ದಿನ ಬೆಳಗಿನದೂ ಬಿಟ್ಟರು. ಆಗಲೂ ಏನೂ ಆಗಲಿಲ್ಲ. ಹಾಳಾದ ಕಾಯಿಲೆಯ ಕುತಂತ್ರ ಅದು. ಔಷಧಿ ಬಿಟ್ಟರೆ ಜ್ವರ ಏರುತ್ತದೆ, ಮನುಷ್ಯ ಹೆದರಿ ನುಂಗುತ್ತಾನೆ. ಇದರಲ್ಲಿ ಮಾಡಿದರೂ ಸುದ್ದಿಯಿಲ್ಲ, ಬಿಟ್ಟರೂ ಸುದ್ದಿಯಿಲ್ಲ. ಮಾಡಿದರೆ ನೋವು ಮಾತ್ರ ಆಗಲೇ, ಅಲ್ಲೇ.

ಅತ್ತೆಯದು ಇನ್ನೊಂದು ಕಥೆ. ನಲವತ್ತು ವರ್ಷ, ಒಗೆದಾದ ಮೇಲೆ ಗಂಡನ ಅಂಗಿ ಮುಟ್ಟಲು ಅವಳಿಗೆ ಅಪ್ಪಣೆ ಇರಲಿಲ್ಲ. ಒಗೆಯುವುದು ಅವಳದು, ಇಸ್ತ್ರಿ ಅವರದೇ, ಮಡಿಸುವುದು ಅವರದೇ. ಈಗ ಬೆಳಿಗ್ಗೆ ಅಂಗಿ ತೊಡಿಸಿ, ಕೆಳಗಿನಿಂದ ಮೇಲಕ್ಕೆ ಏಳು ಗುಂಡಿ ಹಾಕಿ, ಕಾಲರು ಸರಿ ಮಾಡಿ, ಒಂದು ಹೆಜ್ಜೆ ಹಿಂದೆ ಸರಿದು ನೋಡುತ್ತಿದ್ದಳು. ಅನ್ನ ಕಲಸಿ ಬಾಯಿಗಿಡುತ್ತಿದ್ದಳು. ಮೀನಿನ ಮುಳ್ಳು ತೆಗೆದು ಕೊಡುತ್ತಿದ್ದಳು.

"ಅತ್ತೆ, ಚಮಚ ಕೊಡಿ, ಅವರೇ ಪ್ರಯತ್ನ ಮಾಡ್ಲಿ. ಮೇಡಂ ಹೇಳಿಲ್ವಾ?"

"ನಿಮ್ಮ ಮೇಡಂಗೇನು, ಹೇಳಿ ಸ್ಕೂಟರ್ ಹತ್ತಿ ಹೋಗ್ತಾಳೆ. ಅರ್ಧ ಅನ್ನ ಮೈಮೇಲೆ ಬೀಳೋದನ್ನ ನೋಡ್ಕೊಂಡು ಕೂರೋಳು ನಾನು."

ನಾಲ್ಕನೇ ವಾರದ ಒಂದು ಸಂಜೆ, ಊಟಕ್ಕೆ ಕೂತಾಗ, ಡ್ಯೂಟಿ ಮುಗಿಸಿ ಬಂದ ಮಗ ಕೇಳಿದ. "ಏನಪ್ಪ, ಇವತ್ತು ಎಷ್ಟಾಯ್ತು?"

"ಆಯ್ತು."

"ಎಷ್ಟು ಅಂತ ಕೇಳ್ದೆ."

"ನೂರು. ಮೂರು ಹೊತ್ತೂ ನೂರು."

ಬಾಬಿನ್ ಕಿಸಕ್ಕನೆ ನಕ್ಕಳು. "ಸುಳ್ಳು! ತಾತ ಎಡಗೈಯಲ್ಲಿ ಬಟ್ಟಲು ಎತ್ತಿ ಸುರಿದ್ಬಿಟ್ರು. ಸೊರ್ರ್ ಅಂತ. ನಾನು ನೋಡ್ದೆ."

ಒಂದು ಕ್ಷಣ ಎಲ್ಲರಿಗೂ ನಗು ಬಂತು. ಮಾಸ್ಟರಿಗೂ. ಮಗನಿಗೆ ಮಾತ್ರ ಬರಲಿಲ್ಲ.

"ಯಾರಿಗೆ ಮೋಸ ಮಾಡ್ತಿದ್ದೀಯಪ್ಪ ನೀನು? ಆರು ತಿಂಗಳು ದಾಟಿದ್ರೆ ಆ ಕೈ ಕಟ್ಟಿಗೆ ಆಗುತ್ತೆ. ಆವಾಗ ಅತ್ತರೆ ಬರುತ್ತಾ?"

"ನಿನ್ನ ಶ್ವಾಸಕೋಶ ಯಾವಾಗ ಇದ್ದಿಲಾಗುತ್ತೆ, ಅದನ್ನ ಮೊದಲು ಹೇಳು. ಡಿಪೋ ಹಿಂದೆ ನಿಂತು ದಿನಕ್ಕೆ ಎಷ್ಟು ಸಿಗರೇಟು ಸುಡ್ತೀಯ?"

"ಅದು ಬೇರೆ."

"ಹೆಂಗೆ ಬೇರೆ? ನಿಂಗೂ ಇವತ್ತು ಏನೂ ಆಗಿಲ್ಲ, ನಂಗೂ ಇವತ್ತು ಏನೂ ಆಗಿಲ್ಲ. ಇಬ್ರೂ ಆರಾಮಾಗಿದ್ದೀವಿ. ಉಣ್ಣು."

ಮಗ ತಟ್ಟೆ ಬಿಟ್ಟು ಎದ್ದ. ಅತ್ತೆ ಸೊಸೆಯ ಮೇಲೆ ಹರಿಹಾಯ್ದಳು. "ದುಡಿದು ಬಂದೋನು ಹಸಿದು ಎದ್ದ, ಸಮಾಧಾನ ಆಯ್ತಾ? ಆ ಗುಂಡಿ ಡಬ್ಬಿ ತಂದು ಅಡುಗೆಮನೇಲಿ ಇಟ್ಟೋಳು ನೀನೇ ಅಲ್ವಾ?"

ಸೊಸೆ ಗಂಡನ ತಟ್ಟೆ ಎತ್ತಿಟ್ಟಳು. ಮಾವನ ಮಾತು ಅವಳ ತಲೆಯಲ್ಲಿ ಕೂತಿತ್ತು. ಮುದುಕ ಹಟಮಾರಿಯೂ ಅಲ್ಲ, ಸೋಮಾರಿಯೂ ಅಲ್ಲ. ನಲವತ್ತೊಂದು ವರ್ಷ ಒಂದು ದಿನಕ್ಕೆ ಗುರಿಯಿಟ್ಟು ಕೆಲಸ ಮಾಡಿದ ಮನುಷ್ಯನಿಗೆ, ಯಾವತ್ತು ಮುಗಿಯುತ್ತದೋ, ಮುಗಿಯುತ್ತದೋ ಇಲ್ಲವೋ ಎಂದೇ ತಿಳಿಯದ ಕೆಲಸ ಕೊಟ್ಟರೆ ಸೂಜಿಗೆ ದಾರ ಪೋಣಿಸುವ ಮನಸ್ಸಾದರೂ ಎಲ್ಲಿಂದ ಬರಬೇಕು?

ಮಾರನೆಯ ಬೆಳಿಗ್ಗೆ ಅವಳು ಚೀಟಿ ಪುಸ್ತಕ ತೆಗೆದಳು. ಹೆಸರು: ಮಾಸ್ಟರು. ಬಾಬ್ತು: ಬಲಗೈ, ಒಂದು. ಡೆಲಿವರಿ: ಮುಂದಿನ ತಿಂಗಳು ಇಪ್ಪತ್ತೆಂಟು. ಕೆಳಗೆ ಎರಡು ಗೆರೆ ಎಳೆಯುವಾಗ ಅವಳ ಕೈ ಒಮ್ಮೆ ನಿಂತಿತು. ಆದರೂ ಎಳೆದಳು. ಹರಿದು ಮಾವನ ಮುಂದೆ ಹಿಡಿದಳು.

ಅವರು ಕನ್ನಡಕ ಏರಿಸಿ ಓದಿದರು. "ಯಾರು ಹೇಳಿದ್ದು ಈ ತಾರೀಖು?"

"ಮೇಡಂ. ಡಾಕ್ಟರ ಹತ್ರ ಮಾತಾಡಿದ್ರಂತೆ. ದಿನಾ ಪೂರ್ತಿ ಮಾಡಿದ್ರೆ ಇಪ್ಪತ್ತೆಂಟಕ್ಕೆ ಕತ್ತರಿ ಹಿಡೀಬಹುದು ಅಂದ್ರು. ನಿಮಗೆ ಹೇಳ್ಬೇಡಿ, ಸುಮ್ನೆ ಆತುರ ಪಡ್ತಾರೆ ಅಂದಿದ್ರು."

"ನಿಜವಾ?"

"ನಾನು ಸುಳ್ಳು ತಾರೀಖು ಬರೀತೀನಾ ಮಾವ?"

ಮಾಸ್ಟರು ಚೀಟಿ ಮಡಿಸಿ ಜೇಬಿನಲ್ಲಿಟ್ಟುಕೊಂಡರು. "ಡಬ್ಬಿ ತಗೊಂಬಾ."

ಆಮೇಲೆ ಆರು ವಾರ ಆ ಮನೆಯಲ್ಲಿ ಗುಂಡಿಗಳದೇ ಸದ್ದು. ಟಿಣ್ ಎಂದು ಒಂದು, ಎಷ್ಟೋ ಹೊತ್ತಿನ ಮೇಲೆ ಇನ್ನೊಂದು. ಅತ್ತೆ ಮೂಗು ಮುರಿಯುತ್ತಲೇ ಬಿಸಿನೀರಿನ ಬಟ್ಟೆ ಹಿಂಡಿ ಕೈಗೆ ಸುತ್ತಿದಳು. ಮಗ ಬಸ್ಸಿನಿಂದ ಮೆತ್ತನೆ ರಬ್ಬರ್ ಹಿಡಿಕೆಯೊಂದನ್ನು ತಂದು ಅಪ್ಪನ ಮುಂದಿಟ್ಟ. ಬಾಬಿನ್ ಲೆಕ್ಕ ಹಿಡಿದಳು. "ನಲವತ್ತೆರಡು, ತಾತ! ನಿನ್ನೆ ನಲವತ್ತು!" ಹೆಬ್ಬೆರಳು ತೋರುಬೆರಳಿನ ಕಡೆಗೆ ಬಾಗತೊಡಗಿತು. ನೂರಕ್ಕೆ ನಿಲ್ಲಿಸಿ ಎಂದರೆ ಮಾಸ್ಟರು ನೂರೈವತ್ತು ಮಾಡುವರು. ಭುಜ ಹಿಡಿದುಕೊಂಡಿತು, ಮೊಣಕೈ ಊದಿತು. "ಇಪ್ಪತ್ತೆಂಟಕ್ಕೆ ಕೊಡ್ಬೇಕಲ್ಲಮ್ಮ" ಎನ್ನುವರು. ಗಿರಾಕಿಯೂ ತಾನೇ ದರ್ಜಿಯೂ ತಾನೇ ಎಂಬ ತಮಾಷೆ ಅವರಿಗೆ ಬಹಳ ಹಿಡಿಸಿತ್ತು.

ಮೇಡಮ್ಮಿಗೆ ಸಂಶಯ ಬಂತು. ಒಂದು ಶುಕ್ರವಾರ ಸ್ಕೂಟರಿನ ಹತ್ತಿರ ನಿಂತು ಸೊಸೆಯನ್ನು ಕೇಳಿದಳು. "ಸಾರ್ ಪದೇ ಪದೇ ಇಪ್ಪತ್ತೆಂಟು ಇಪ್ಪತ್ತೆಂಟು ಅಂತಾರಲ್ಲ, ಏನದು?"

ಸೊಸೆ ಹೇಳಿದಳು. ಹೇಳುತ್ತ ಹೇಳುತ್ತ ಅವಳ ದನಿ ಸಣ್ಣದಾಯಿತು.

"ಏನ್ ಮಾಡಿದ್ರಿ ನೀವು!" ಮೇಡಂ ಹೆಲ್ಮೆಟ್ಟನ್ನು ಸೀಟಿನ ಮೇಲೆ ಕುಕ್ಕಿದಳು. "ಇವತ್ತು ಮಾಡ್ತಾರೆ, ನಾಳೆ ಮಾಡ್ತಾರೆ, ಸರಿ. ಇಪ್ಪತ್ತೆಂಟನೇ ತಾರೀಖು ಬಂದ ದಿನ ಏನ್ ಮಾಡ್ತೀರಿ? ಅದನ್ನ ಯೋಚನೆ ಮಾಡಿದ್ರಾ?"

ಮಾಡಿರಲಿಲ್ಲ. ಚೀಟಿ ಬರೆದ ದಿನ ಇಪ್ಪತ್ತೆಂಟು ಬಹಳ ದೂರದಲ್ಲಿತ್ತು.

"ಈಗಲೇ ಹೇಳಿಬಿಡಿ" ಎಂದಳು ಮೇಡಂ. ಸೊಸೆ ತಲೆಯಾಡಿಸಿದಳು. ಆದರೆ ಒಳಗೆ ಬಂದರೆ ಮಾಸ್ಟರು ಬೆರಳಲ್ಲಿ ಒಂದು ಗುಂಡಿ ಹಿಡಿದು, ಅದನ್ನು ದೀಪಕ್ಕೆ ಎತ್ತಿ ತೋರಿಸುತ್ತ ಅತ್ತೆಯ ಮುಂದೆ ಮೀಸೆ ತಿರುವುತ್ತಿದ್ದರು. ಆ ಹೊತ್ತಿನಲ್ಲಿ ಯಾವ ಬಾಯಿಂದ ಹೇಳುವುದು? ನಾಳೆ ಹೇಳಿದರಾಯಿತು ಎಂದುಕೊಂಡಳು. ಮಾರನೆಯ ದಿನವೂ ಹಾಗೆಯೇ ಅಂದುಕೊಂಡಳು.

ಇಪ್ಪತ್ತೆಂಟು ಬಂತು. ಮಾಸ್ಟರು ಬೆಳಿಗ್ಗೆಯೇ ಸ್ನಾನ ಮಾಡಿ ಬಿಳಿ ಅಂಗಿ ತೊಟ್ಟರು. ಗುಂಡಿ ಹಾಕಿದ್ದು ಅತ್ತೆಯೇ. ಮೇಜಿನ ಮೇಲೆ ಎರಡು ಮೀಟರ್ ಹೊಸ ಬಟ್ಟೆ ಹಾಸಿಸಿದರು. ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಗೆರೆ ಎಳೆದರು. ಮಗ ಡ್ಯೂಟಿಗೆ ತಡವಾದರೂ ಹೋಗದೆ ಬಾಗಿಲಿಗೆ ಒರಗಿ ನಿಂತಿದ್ದ. ಸೊಸೆ ಕತ್ತರಿ ತಂದಿಟ್ಟಳು.

"ಮಾವ, ಇವತ್ತೇ ಆಗ್ಬೇಕು ಅಂತೇನಿಲ್ಲ..."

"ತಾರೀಖು ಇವತ್ತು."

ಕತ್ತರಿಯ ಹಿಡಿಗೆ ಹೆಬ್ಬೆರಳು ತೂರಿತು. ಉಳಿದ ಬೆರಳುಗಳನ್ನು ಎಡಗೈಯಿಂದ ಸೇರಿಸಿದರು. ಎತ್ತಿದರು. ಕತ್ತರಿ ಎದ್ದಿತು. ಬಾಬಿನ್ ಚಪ್ಪಾಳೆ ತಟ್ಟಿದಳು. ಆದರೆ ಕತ್ತರಿಯ ಬಾಯಿ ತೆರೆಯಲಿಲ್ಲ. ಕತ್ತರಿ ತೆರೆಯಲು ಬೆರಳು ಹಿಡಿದರೆ ಸಾಲದು, ಬಿಡಿಸಿಕೊಳ್ಳಬೇಕು, ಅದು ಬಂದಿರಲಿಲ್ಲ. ಮಾಸ್ಟರು ತುಟಿ ಕಚ್ಚಿದರು. ತೋಳು ಅಲುಗಿತು, ಭುಜ ಅಲುಗಿತು, ಕಡೆಗೆ ಇಡೀ ಮನುಷ್ಯನೇ ಅಲುಗಿದ. ಬಾಯಿ ಒಂದು ಬೆರಳಗಲ ತೆರೆದು ಬಟ್ಟೆಯನ್ನು ಕಚ್ಚಿಕೊಂಡಿತು, ಕತ್ತರಿಸಲಿಲ್ಲ, ಅಗಿಯಿತು. ಹೊಸ ಬಟ್ಟೆಯ ಅಂಚು ದನ ಮೇದ ಹಾಗಾಯಿತು.

ಅವರು ಕತ್ತರಿ ಕೆಳಗಿಟ್ಟರು. ಜೇಬಿನಿಂದ ಚೀಟಿ ತೆಗೆದು ಸೊಸೆಯ ಮುಂದೆ ಮೇಜಿನ ಮೇಲಿಟ್ಟರು. ಬಟ್ಟೆ ಸಿಗದ ಗಿರಾಕಿ ಇಡುವ ಹಾಗೆ.

"ಮೇಡಂ ಹೇಳಿದ್ದಲ್ಲ ಅಲ್ವಾ?"

"ಅಲ್ಲ ಮಾವ."

"ನನ್ನ ಅಂಗಡಿ ಚೀಟಿ. ನನ್ನ ಎರಡು ಗೆರೆ." ಅಷ್ಟೇ ಅಂದರು. ಕಾಲೆಳೆಯುತ್ತ ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದರು.

ಒಂಬತ್ತು ದಿನ ಸೊಸೆಯ ಜೊತೆ ಮಾತಿಲ್ಲ. ಅವಳು ಇಟ್ಟ ಚಹಾ ಆರುತ್ತಿತ್ತು. ಅದನ್ನೇ ಅತ್ತೆ ಎತ್ತಿಕೊಟ್ಟರೆ ಕುಡಿಯುತ್ತಿದ್ದರು. ಗುಂಡಿ ಡಬ್ಬಿ ಮಂಚದಡಿಗೆ ಹೋಯಿತು. ಮೇಡಂ ಬಂದಾಗ ಕೈ ಕೊಡಲಿಲ್ಲ. "ನಿಮ್ಮ ತಪ್ಪಿಲ್ಲಮ್ಮ, ನೀವು ಚೀಟಿ ಕೊಟ್ಟಿರಲಿಲ್ಲ. ಹೋಗಿ ಬನ್ನಿ" ಎಂದು ಕಳಿಸಿದರು. ಎರಡನೇ ಸಲ ಬಂದಾಗ ಮೇಡಂ ಒತ್ತಾಯ ಮಾಡಿ ಅಂಗೈ ಬಿಡಿಸಿದಳು. ಉಗುರುಗಳು ಅಂಗೈಗೆ ಒತ್ತಿ ನಾಲ್ಕು ಕೆಂಪು ಗುರುತು ಮೂಡಿದ್ದವು.

"ಮೂರು ವಾರ ಮಾಡಿದ್ದೆಲ್ಲ ನೀರಲ್ಲಿ ಹೋಯ್ತು" ಎಂದು ಹೊರಗೆ ಬಂದು ಹೇಳಿದಳು. "ನಾಲ್ಕನೇ ತಿಂಗಳು ನಡೀತಿದೆ. ಹೀಗೇ ಬಿಟ್ರೆ ನಾನು ಬಂದೂ ಪ್ರಯೋಜನ ಇಲ್ಲ."

ಮನೆಯವರೆಲ್ಲ ಸೊಸೆಯ ಮೇಲೆ ಬಿದ್ದರು. ಗಂಡ, "ನಿನಗ್ಯಾರು ಹೇಳಿದ್ರು ಈ ಡಾಕ್ಟರ್ ಕೆಲಸ?" ಎಂದ. ಅತ್ತೆ, "ಹೆತ್ತ ಮಗಳಾಗಿದ್ರೆ ಹಿಂಗೆ ಆಡಿಸ್ತಿದ್ಲಾ?" ಎಂದಳು. ಸೊಸೆ ಯಂತ್ರ ತುಳಿದಳು. ಕತ್ತರಿಸುವುದು, ಹೊಲಿಯುವುದು, ಕಾಜ ಮಾಡುವುದು, ಇಸ್ತ್ರಿ, ಗಿರಾಕಿಗಳ ಬಾಯಿ, ಎಲ್ಲ ಈಗ ಅವಳ ಒಬ್ಬಳ ತಲೆಗೆ ಬಂದಿತ್ತು. ಅದರಲ್ಲೂ ಒಂದು ಕೋಟು. ಅಂಚೆ ಕಚೇರಿಯಿಂದ ನಿವೃತ್ತರಾಗುವ ಪೋಸ್ಟ್‌ಮಾಸ್ಟರು ಬೀಳ್ಕೊಡುಗೆಗೆಂದು ಕೊಟ್ಟದ್ದು. ಅದರ ತಾರೀಖು ಹತ್ತಿರ ಬಂದಿತ್ತು.

ಹತ್ತನೇ ದಿನ ಮಧ್ಯಾಹ್ನ ಪೋಸ್ಟ್‌ಮಾಸ್ಟರು ಬಾಗಿಲಲ್ಲಿ ನಿಂತು ಕೇಳಿದರು. "ಟ್ರಯಲ್‌ಗೆ ಬರ್ಲಾ ಅಂತ ಕೇಳೋಣ ಅಂತ ಬಂದೆ."

"ಟ್ರಯಲ್ ಬೇಡ ಸಾರ್, ಅಳತೆ ಸರಿಯಾಗಿದೆ. ನಾಳೆ ಸಂಜೆ ನೇರ ತಗೊಂಡ್ಹೋಗಿ."

ಒಳಕೋಣೆಯಿಂದ ಗುಡುಗು ಬಂತು. "ಟ್ರಯಲ್ ಇಲ್ದೆ ಕೋಟು ಕೊಡ್ತೀಯೇನೇ? ನನ್ನ ಅಂಗಡಿಯಿಂದ? ಮೂರು ಟ್ರಯಲ್ ಆಗದ ಕೋಟು ಈ ಬಾಗಿಲು ದಾಟಿಲ್ಲ ಇವತ್ತಿನವರೆಗೂ! ತೋಳು ಒಂದು ಸಲ, ಬೆನ್ನು ಒಂದು ಸಲ, ಕಾಲರು ಒಂದು ಸಲ. ಏಕ್ದಂ ಕೊಟ್ರೆ ಅದು ಕೋಟಲ್ಲ, ಗೋಣಿಚೀಲ!"

ಸೊಸೆ ಸೂಜಿಯನ್ನು ಕೋಟಿಗೆ ಚುಚ್ಚಿ ಎದ್ದಳು. ಗಿರಾಕಿ ನಿಂತಿದ್ದಾರೆ ಎಂಬುದನ್ನೂ ಮರೆತು ಕೋಣೆಯ ಬಾಗಿಲಿಗೆ ಹೋದಳು.

"ಕೋಟಿಗೆ ಮೂರು ಟ್ರಯಲ್ಲು. ನಿಮ್ಮ ಕೈಗೆ ಎಷ್ಟು ಕೊಟ್ರಿ ಮಾವ? ಒಂದೂ ಇಲ್ಲ! ಇಪ್ಪತ್ತೆಂಟಕ್ಕೆ ನೇರ ಕತ್ತರಿ ಕೊಟ್ಟು ಡೆಲಿವರಿ ಕೇಳಿದ್ರಲ್ಲ? ಸುಳ್ಳು ತಾರೀಖು ಬರೆದದ್ದು ನನ್ನ ತಪ್ಪು, ಒಪ್ಪಿದೆ, ಬೇಕಾದ್ರೆ ಹೊಡೀರಿ. ಆದ್ರೆ ತೋಳು ಕೂಡಿಸದ ಕೋಟನ್ನ ನೆಲಕ್ಕೆ ಬಿಸಾಕೋ ದರ್ಜಿನ ನಾನು ಇವತ್ತೇ ನೋಡ್ತಿರೋದು!"

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತುಬಿಟ್ಟಿದ್ದಳು. ಪೋಸ್ಟ್‌ಮಾಸ್ಟರು ಕೆಮ್ಮಿದರು. "ನಾನು... ಟ್ರಯಲ್‌ಗೆ ಸಂಜೆ ಬರ್ತೀನಮ್ಮ."

ಆ ಸಂಜೆ ಟ್ರಯಲ್ ಆಯಿತು. ಕೋಟಿನ ಎಡತೋಳು ಎರಡು ಬೆರಳು ಉದ್ದವಿತ್ತು.

ಮಾರನೆಯ ದಿನ ಐದಕ್ಕೆ ಕೋಟು ಕೊಟ್ಟು ಕಳಿಸಿದ ಮೇಲೆ, ಸೊಸೆ ಆ ಹಾಳಾದ ಹೊಸ ಬಟ್ಟೆಯನ್ನೇ ತೆಗೆದುಕೊಂಡು ಒಂದು ಅಂಗಿ ಹೊಲಿದಳು. ಮೇಲಿನ ಗುಂಡಿ ಓವರ್‌ಕೋಟಿನದು, ಅಂಗೈಯ ಕುಳಿ ತುಂಬುವಷ್ಟು ದೊಡ್ಡದು. ಅದರ ಕೆಳಗಿನದು ಒಂದು ಸುತ್ತು ಸಣ್ಣದು. ಹೀಗೆ ಇಳಿಯುತ್ತ ಏಳನೆಯದು ಮಾಮೂಲು ಅಂಗಿಯ ಗುಂಡಿ. ಗುಂಡಿ ತೂರುವ ಕಾಜಗಳೂ ಅದಕ್ಕೆ ತಕ್ಕಂತೆ.

"ಇದೇನೇ ಹುಚ್ಚರ ಅಂಗಿ?" ಎಂದಳು ಅತ್ತೆ.

"ದಿನಾ ಬೆಳಿಗ್ಗೆ ಏಳಕ್ಕೆ, ಕನ್ನಡಿ ಮುಂದೆ ಟ್ರಯಲ್. ಎಡಗೈ ಬಟ್ಟೆ ಹಿಡೀಬಹುದು, ಗುಂಡಿ ಮಾತ್ರ ಬಲಗೈಯೇ ತಳ್ಳಬೇಕು. ಎಷ್ಟು ಹತ್ತುತ್ತೋ ಅಷ್ಟು. ಉಳಿದದ್ದು ತೆರೆದೇ ಇರ್ಲಿ. ನೀವು ಮುಟ್ಟಬಾರದು ಅತ್ತೆ."

"ಎದೆ ಬಿಟ್ಕೊಂಡು ಕೂರ್ಬೇಕಾ ಈ ವಯಸ್ಸಲ್ಲಿ?"

"ಹೌದು."

ಬೆಳಿಗ್ಗೆ ಅವಳು ಅಂಗಿಯನ್ನು ಕುರ್ಚಿಯ ಮೇಲೆ ಹಾಕಿ, ಯಾರಿಗೂ ಹೇಳದೆ ಯಂತ್ರದ ಮುಂದೆ ಕೂತಳು. ಬೆನ್ನ ಹಿಂದೆ ಕಾಲೆಳೆಯುವ ಸದ್ದು ಬಂತು. ನಿಂತಿತು. ಅವಳು ತಿರುಗಲಿಲ್ಲ.

"ಮೂರನೇ ಕಾಜ ಸೊಟ್ಟಗಿದೆ."

ಕೋಟಿನ ದಿನದ ಗುಡುಗು ಬಿಟ್ಟರೆ, ಹನ್ನೊಂದು ದಿನದ ಮೇಲೆ ಅವಳಿಗೆ ಆಡಿದ ಮೊದಲ ಮಾತು ಅದು.

"ಬಿಚ್ಚಿ ಮಾಡ್ಲಾ ಮಾವ?"

"ಬೇಡ. ಅಲ್ಲಿಗೆ ಬರೋಕೆ ಇನ್ನೂ ಬಹಳ ದಿನ ಇದೆ."

ಮೊದಲ ದಿನ ಇಪ್ಪತ್ತು ನಿಮಿಷ ಸೆಣಸಿದರೂ ಓವರ್‌ಕೋಟಿನ ಗುಂಡಿ ಹತ್ತಲಿಲ್ಲ. ಬ್ರೆಡ್ಡು ಚಹಾದ ಮುಂದೆ ಅಂಗಿ ತೆರೆದುಕೊಂಡೇ ಕೂತರು. ಎದೆಯ ಬಿಳಿ ಕೂದಲು ಕಾಣುತ್ತಿತ್ತು. ಅತ್ತೆಯ ಕೈ ಎರಡು ಸಲ ಮುಂದೆ ಹೋಯಿತು. ಮೂರನೇ ಸಲ ಅವಳು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿ ಅದರ ಮೇಲೆ ಕೂತಳು. ಕಣ್ಣಿಂದ ನೀರು ಚಹಾಕ್ಕೆ ಬಿತ್ತು.

"ಹಾಕ್ಕೊಡ್ತೀನಿ ರೀ, ಒಂದೇ ಒಂದು."

"ಮುಟ್ಟಬೇಡ."

ನಾಲ್ಕನೇ ದಿನ ಗುಂಡಿ ಕಾಜದೊಳಗೆ ಅರ್ಧ ಹೋಗಿ ನಿಂತಿತು. ಐದನೇ ದಿನ ದಾಟಿತು. ದಾಟಿದ್ದು ಆ ಕ್ಷಣವೇ ಗೊತ್ತಾಯಿತು, ಮಾಸ್ಟರಿಗೂ, ಕನ್ನಡಿಗೂ, ಪರದೆಯ ಹಿಂದೆ ಬಗ್ಗಿ ನೋಡುತ್ತಿದ್ದ ಬಾಬಿನ್‌ಗೂ. ಯಾವ ಮೇಡಮ್ಮೂ ಬಂದು ಅಳೆದು ಹೇಳಬೇಕಾಗಿರಲಿಲ್ಲ. ಅಂದಿನಿಂದ ಗುಂಡಿ ಡಬ್ಬಿ ಮಂಚದಡಿಯಿಂದ ತಾನಾಗಿಯೇ ಹೊರಗೆ ಬಂತು. ಮಧ್ಯಾಹ್ನ ಬಟ್ಟಲಿನಲ್ಲಿ ಬೆವರು ಸುರಿಸಿದ್ದು ಬೆಳಿಗ್ಗೆ ಅಂಗಿಯ ಮೇಲೆ ಕಾಣುತ್ತಿತ್ತು. ಒಂದು ಮಧ್ಯಾಹ್ನ ಬಿಟ್ಟರೆ ಅದೂ ಕಾಣುತ್ತಿತ್ತು. ಬಿಟ್ಟ ಮಾರನೆಯ ದಿನ ಕೈ ಕಟ್ಟಿಕೊಂಡಿರುತ್ತಿತ್ತು, ಎರಡನೇ ಗುಂಡಿ ಒಲ್ಲೆ ಎನ್ನುತ್ತಿತ್ತು.

"ನಿನ್ನೆ ಮಾಡ್ಲಿಲ್ಲ ಅಲ್ವಾ?" ಎಂದು ಮಗ ಶೂ ಕಟ್ಟುತ್ತ ಕೇಳಿದರೆ, "ನಿನ್ನ ಎದೆ ಮೇಲೂ ಹಿಂಗೇ ಒಂದು ಅಂಗಿ ಹೊಲಿದು ಹಾಕ್ಬೇಕು. ಒಂದು ಸಿಗರೇಟಿಗೆ ಒಂದು ಗುಂಡಿ ಉದುರ್ಬೇಕು" ಎಂದರು ಮಾಸ್ಟರು. ಮಗ ನಕ್ಕ. ಬಿಟ್ಟನೋ ಇಲ್ಲವೋ, ಅದು ಡಿಪೋ ಹಿಂದಿನ ಗೋಡೆಗೆ ಗೊತ್ತು.

ಎಲ್ಲ ದಿನವೂ ಏರುತ್ತಲೇ ಹೋಗಲಿಲ್ಲ. ಮೂರನೇ ಗುಂಡಿಗೆ ಮೂರು ವಾರ ಹಿಡಿಯಿತು. ನಡುವೆ ಒಂದು ದಿನ ಸಿಟ್ಟಿಗೆದ್ದು ಅಂಗಿ ಕಿತ್ತು ಬೀದಿಗೆ ಎಸೆದರು. ಎದುರು ಮನೆಯವಳು ತಂದುಕೊಟ್ಟಳು. ಆರು ತಿಂಗಳು ತುಂಬುವ ಹೊತ್ತಿಗೆ ನಾಲ್ಕು ಗುಂಡಿ ಹತ್ತುತ್ತಿದ್ದವು. ಚಮಚ ಹಿಡಿಯುತ್ತಿದ್ದರು. ಆ ಶುಕ್ರವಾರ ಮೇಡಂ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಮೆಲ್ಲಗೆ ಮೇಜಿನ ಮೇಲಿಟ್ಟಳು.

"ಹೇಳಮ್ಮ" ಎಂದರು ಮಾಸ್ಟರು. "ಕತ್ತರಿ ಬರಲ್ಲ, ಅಲ್ವಾ?"

"ಕಷ್ಟ ಸಾರ್. ಬರೋದೇ ಇಲ್ಲ ಅಂತ ನಾನು ಹೇಳಲ್ಲ. ಕೆಳಗಿನ ಮೂರು ಗುಂಡಿ... ಅದೂ ಗೊತ್ತಿಲ್ಲ. ಮಾಡ್ತಾ ಇದ್ರೆ ಇರೋದು ಉಳಿಯುತ್ತೆ."

ಅವರು ತಲೆಯಾಡಿಸಿದರು. ಮೇಡಂ ಹೋದ ಮೇಲೆ ಎದ್ದು, ದೊಡ್ಡ ಕತ್ತರಿಯನ್ನು ಎಡಗೈಯಲ್ಲಿ ಎತ್ತಿ ತಂದು ಸೊಸೆಯ ಮುಂದೆ ಇಟ್ಟರು. ನಲವತ್ತೊಂದು ವರ್ಷ ಅದನ್ನು ಬೇರೆ ಯಾರೂ ಬಳಸಿರಲಿಲ್ಲ. ಸೊಸೆಯದು ಬೇರೆ ಸಣ್ಣ ಕತ್ತರಿ.

"ಕೀಲು ಬಿಗಿ ಇದೆ. ಎಣ್ಣೆ ಬಿಡು."

ಸೊಸೆ ಎಣ್ಣೆ ಬಿಟ್ಟಳು. ಬಟ್ಟೆ ಹಾಸಿದಳು. ಅದು ಮೇಜಿನ ಮೇಲೆ ಜಾರುತ್ತಿತ್ತು. ಮಾಸ್ಟರು ಬಲಗೈಯನ್ನು ಎಡಗೈಯಿಂದ ಎತ್ತಿ ಬಟ್ಟೆಯ ಮೇಲೆ ಚಪ್ಪಟೆಯಾಗಿ ಇಟ್ಟರು. ಬೆರಳು ಬಿಡಿಸಿಕೊಂಡವು, ಪೂರ್ತಿಯಲ್ಲ. ಬಟ್ಟೆ ಜಾರುವುದು ನಿಂತಿತು.

"ಕತ್ತರಿಸು. ಗೆರೆ ಮೇಲೆ ನೋಡು, ನನ್ನ ಮುಖ ನೋಡ್ಬೇಡ."

ಕೆಲಸ ಮುಗಿದ ಮೇಲೆ ಅವರು ಮೇಜಿನ ಡ್ರಾಯರಿನಿಂದ ಒಂದು ಮುದುರಿದ ಚೀಟಿ ತೆಗೆದರು. ಬಲಗೈ, ಒಂದು. ಅಷ್ಟು ದಿನವೂ ಅದನ್ನು ಎಸೆದಿರಲಿಲ್ಲ. ದಪ್ಪನೆ ಪೆನ್ಸಿಲಿಗೆ ಬಟ್ಟೆಯ ಚೂರು ಸುತ್ತಿ ಬಲಗೈಯ ಬೆರಳುಗಳ ನಡುವೆ ಸಿಕ್ಕಿಸಿಕೊಂಡರು. ಇಪ್ಪತ್ತೆಂಟನ್ನು ಹೊಡೆದು ಹಾಕಿದರು. ಡೆಲಿವರಿ ಎಂಬುದನ್ನೂ ಹೊಡೆದರು. ಪಕ್ಕದಲ್ಲಿ ಬರೆಯತೊಡಗಿದರು. ಒಂದೊಂದು ಅಕ್ಷರಕ್ಕೂ ಮೂಗಿನ ತುದಿಯಲ್ಲಿ ಬೆವರು. ಬಾಬಿನ್ ಹೆಗಲ ಮೇಲಿಂದ ಬಗ್ಗಿ ಕೂಡಿಸಿ ಓದಿದಳು. "ಟ್ರ... ಯ... ಲ್. ನಾ... ಳೆ."

"ನಾಳೆ ಬನ್ನಿ ಅನ್ನೋ ದರ್ಜಿ ನೀವೂ ಆದ್ರಲ್ಲ ಕೊನೆಗೆ" ಎಂದಳು ಅಡುಗೆಮನೆಯಿಂದ ಅತ್ತೆ.

"ಬಾಯಿ ಮುಚ್ಕೊಂಡು ಚಹಾ ತಾ."

ನಾಳೆ ಎಂಬುದರ ಕೆಳಗೆ ಅವರು ಎರಡು ಗೆರೆ ಎಳೆದರು. ಎರಡೂ ನಡುಗಿದ್ದವು, ಒಂದು ಇನ್ನೊಂದನ್ನು ದಾಟಿ ಹೋಗಿತ್ತು. ಚೀಟಿಯನ್ನು ಸೊಸೆಯ ಕಡೆ ಸರಿಸಿದರು. ಅವಳು ಅದನ್ನು ನಿಲುಗನ್ನಡಿಯ ಚೌಕಟ್ಟಿಗೆ ಸಿಕ್ಕಿಸಿ, ಏಳು ಗುಂಡಿಯ ಆ ಅಂಗಿಯನ್ನು ಒಗೆಯಲು ತೆಗೆದುಕೊಂಡು ಹೋದಳು. ಬೆಳಿಗ್ಗೆ ಏಳಕ್ಕೆ ಅದು ಒಣಗಿರಬೇಕಿತ್ತು.